ಗುಡ್ಡದ ಕಾಡಿನಲ್ಲಿ ದಾರಿ ತಪ್ಪಿದ ಹನ್ನೊಂದು ಗುರುವಾರಗಳು

ಭೀಮಾ ಅಮರಜಾ ಸಂಗಮದ ದಂಡೆಯಲ್ಲಿ ನಿಂತು, ದಾರಿ ತಪ್ಪಿದವರನ್ನು ಕೈಹಿಡಿದು ಮನೆ ಮುಟ್ಟಿಸುವ ಗುರು ದತ್ತಾತ್ರೇಯನ ಪಾದಗಳಿಗೆ ಮೊದಲ ನಮಸ್ಕಾರ. ಅವನ ಬೆನ್ನಿಗೆ ನಿಂತ ಗೋಮಾತೆಗೆ ನಮಸ್ಕಾರ. ಅವನ ಕಾಲ ಬಳಿ ಕೂತ ನಾಲ್ಕು ನಾಯಿಗಳಿಗೂ ನಮಸ್ಕಾರ. ಇಷ್ಟು ವರ್ಷ ಪೂಜೆಯಲ್ಲಿ ನಾಯಿಗಳನ್ನು ನಾನು ಲೆಕ್ಕಕ್ಕೆ ಹಿಡಿದವನಲ್ಲ. ಈಗ ಹಿಡಿಯುತ್ತೇನೆ. ಕಾರಣವಿದೆ.

ದಾರಿ ತಪ್ಪುವುದು ನನಗೆ ಆಗಾಗ ಆಗುತ್ತಲೇ ಇರುತ್ತದೆ. ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ಯಾವ ರ‍್ಯಾಕಿನಲ್ಲಿ ಯಾವ ಸೈಜಿನ ಬೋಲ್ಟ್ ಇದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆದರೆ ಊಟಕ್ಕೆಂದು ಕ್ಯಾಂಟೀನಿಗೆ ಹೊರಟು ಪೇಂಟ್ ಶಾಪಿನಲ್ಲಿ ಡಬ್ಬಿ ಹಿಡಿದು ನಿಂತದ್ದೂ ಉಂಟು. ದೇವರು ದಿಕ್ಕುಗಳನ್ನು ಹಂಚುವ ದಿನ ನಾನು ಬೇರೆ ಯಾವುದೋ ಸಾಲಿನಲ್ಲಿ ನಿಂತಿದ್ದೆ ಅಂತ ಕಾಣುತ್ತದೆ. ನಿವೃತ್ತನಾದ ಮೇಲಾದರೂ ಇದು ನಿಲ್ಲುತ್ತದೆ ಅಂದುಕೊಂಡಿದ್ದೆ. ಆಗಲೇ ನಮ್ಮ ಮನೆಯಾಕೆ ಹರಕೆ ಹೊತ್ತಳು.

ಗಿಡ ನೆಟ್ಟ ದಿನ

ನಮ್ಮ ಮನೆ ಪುಣೆಯ ಕೋಥರೂಡಿನಲ್ಲಿ. ಅಲ್ಲಿಂದ ಎರಡು ಬಸ್ಸು ಬದಲಿಸಿ ಹೋದರೆ ಒಂದು ಗುಡ್ಡವಿದೆ. ಒಂದು ಕಾಲಕ್ಕೆ ಬರೀ ಕಲ್ಲಾಗಿದ್ದ ಆ ಗುಡ್ಡದ ಮೇಲೆ ಸುತ್ತಲಿನ ಜನರೇ ಸಸಿ ನೆಟ್ಟು, ನೀರು ಹೊತ್ತು, ಕಾಡು ಮಾಡಿದ್ದಾರೆ. ಈ ವರ್ಷ ಗಣಪತಿ ವಿಸರ್ಜನೆ ಆದ ಮೇಲೆ ನಮ್ಮ ಹೌಸಿಂಗ್ ಸೊಸೈಟಿಯವರೂ ಒಂದು ಬಸ್ಸು ಮಾಡಿಕೊಂಡು ಹೊರಟರು. ಮನೆಗೊಂದು ಸಸಿ.

ನಮ್ಮಾಕೆ ಅತ್ತಿ ಸಸಿಯನ್ನೇ ಕೇಳಿ ಪಡೆದಳು. ಅತ್ತಿ ಅಂದರೆ ಔದುಂಬರ, ದತ್ತ ಮಹಾರಾಜರು ನೆಲೆಸುವ ಮರ. ಆ ತಿಂಗಳೇ ಅವಳ ಮೊಣಕಾಲಿನ ಆಪರೇಶನ್ ಆಗುವುದಿತ್ತು. "ದತ್ತ ಜಯಂತಿಯೊಳಗ ನನ್ನ ಕಾಲಿನ ಮ್ಯಾಲೆ ನಾನು ನಡದು ಬಂದು ಈ ಗಿಡಕ್ಕ ಹನ್ನೊಂದು ಸುತ್ತು ಹಾಕ್ತೀನಿ" ಅಂತ ಹರಕೆ ಹೊತ್ತಳು. ಅಲ್ಲಿಯವರೆಗೆ ಪ್ರತಿ ಗುರುವಾರ ಗಿಡಕ್ಕೆ ನೀರು ಹಾಕುವ ಕೆಲಸ ನನ್ನದು.

ಬಸ್ಸು ನಮ್ಮನ್ನು ಒಂದು ಹಸಿರು ಗೇಟಿನ ಮುಂದೆ ಇಳಿಸಿತು. ಅಲ್ಲಿಂದ ನಡಿಗೆ. ಸಿಮೆಂಟಿನ ನೀರಿನ ಟಾಕಿಯ ಹತ್ತಿರ ನಮ್ಮ ಪಕ್ಕದ ಮನೆಯ ವಹಿನಿ ತಮ್ಮ ಸಸಿ ನೆಟ್ಟರು. ಪುಣೆಯಲ್ಲಿ ಅತ್ತಿಗೆಗೆ ವಹಿನಿ ಅನ್ನುತ್ತಾರೆ, ಪಕ್ಕದ ಮನೆಯವರಿಗೂ ಅದೇ. ಗುರುತಿಗೆ ಕಟ್ಟಲು ಅವರ ಬಳಿ ಏನೂ ಇರಲಿಲ್ಲ. ನಮ್ಮಾಕೆ ತನ್ನ ಹಸಿರು ಖಣದ ತುಂಡನ್ನು ಹರಿದು ಅರ್ಧ ಕೊಟ್ಟಳು. ಇನ್ನರ್ಧ ನಮ್ಮ ಗಿಡಕ್ಕೆ ಅಂತ ಸೆರಗಿಗೆ ಗಂಟು ಹಾಕಿಕೊಂಡಳು. ಅಲ್ಲಿಂದ ಮುಂದೆ ನಾವಿಬ್ಬರೂ ಕೊಡೆಯಡಿ, ಅವಳ ನೋಯುವ ಕಾಲಿನ ಹೆಜ್ಜೆಗೆ ಹೆಜ್ಜೆ ಸೇರಿಸಿ, ಮಳೆಯಲ್ಲಿ ಒಂದು ತಾಸು ನಡೆದಿರಬೇಕು. ನಾನು ಇಡೀ ಹೊತ್ತು ಅವಳ ಕಾಲನ್ನೇ ನೋಡುತ್ತಿದ್ದೆ. ಗಿಡ ನೆಟ್ಟದ್ದೇ ತಡ, ಮಳೆ ಜೋರಾಯಿತು. ಎದುರಿಗೇ ನಿಂತಿದ್ದ ನಮ್ಮ ಬಸ್ಸಿಗೆ ಹತ್ತಿ ಕೂತೆವು. ಕಿಟಕಿಗೆಲ್ಲ ಉಗಿ ಹಿಡಿದಿತ್ತು. ಹೊರಗೆ ಏನಿದೆ ಅಂತ ಕಂಡವರು ಯಾರು?

ಆಸ್ಪತ್ರೆಯ ಮಂಚದ ಮೇಲೆ ಅವಳು ಕೇಳಿದಳು, "ಗಿಡದ ಜಾಗ ನೆನಪದ ಅಲ್ರೀ?"

"ನೆನಪಿಲ್ಲದ ಏನು. ನಾನೇ ಅಲ್ಲೇನು ನಿನ್ನ ಕರಕೊಂಡು ಹೋದಾಂವ" ಅಂದೆ.

ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು. ನಾನು ಮಾತ್ರ ಆ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡು, ಗೇಟು ಆದ ಮೇಲೆ ಎಡಕ್ಕೋ ಬಲಕ್ಕೋ ಅಂತ ದತ್ತನನ್ನೇ ಕೇಳುತ್ತ ಕೂತೆ.

ಬಸ್ಸಿನಲ್ಲಿ ತೀರ್ಥ

ಮೊದಲ ಗುರುವಾರ ಅವಳು ವಾಕರ್ ಹಿಡಿದು ಅಡುಗೆಮನೆಗೆ ಬಂದು, ಮನೆಯ ಪಾದುಕೆಗಳಿಗೆ ಮಾಡಿದ ಅಭಿಷೇಕದ ನೀರನ್ನು ಐದು ಲೀಟರಿನ ಎಣ್ಣೆ ಕ್ಯಾನಿಗೆ ಸುರಿದು, ಮೇಲೆ ನಳದ ನೀರು ತುಂಬಿ, ಎರಡು ತುಳಸಿ ದಳ ಹಾಕಿ ಕೊಟ್ಟಳು. ಅಭಿಷೇಕದ ನೀರನ್ನು ಬಸ್ಸಿನ ನೆಲದ ಮೇಲೆ ಇಡಬಾರದು. ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ತುಳಸಿ ನೋಡಿ ಮರಾಠಿಯಲ್ಲಿ, "ಎಲ್ಲಿಯ ತೀರ್ಥ ಅಣ್ಣಾ?" ಅಂದರು.

ಗುರುವಾರದ ದಿನ ಸುಳ್ಳು ಹೇಳುವುದು ಹೇಗೆ? "ದತ್ತ ಮಹಾರಾಜರ ಅಭಿಷೇಕದ್ದು" ಅಂದೆ.

ಅಜ್ಜಿ ಅಂಗೈ ಒಡ್ಡಿದರು. ಒಡ್ಡಿದ ಕೈಗೆ ಇಲ್ಲ ಅನ್ನಲಾಗಲಿಲ್ಲ. ಮುಚ್ಚಳದಲ್ಲಿ ಹಾಕಿದೆ. ಹಿಂದಿನ ಸೀಟಿನವರು ಮುಂದೆ ಬಾಗಿದರು. ನಿಂತವರು ಸಾಲಾದರು. ಕಾಲೇಜಿನ ಹುಡುಗಿಯೊಬ್ಬಳು ನಾಳೆ ಪರೀಕ್ಷೆ ಅಂತ ಎರಡು ಸಲ ಕುಡಿದಳು. ಇನ್ನೊಬ್ಬರು ಮನೆಯಲ್ಲಿ ಕಾಯಿಲೆಯವರಿದ್ದಾರೆ ಅಂತ ಬಾಟಲಿಯನ್ನೇ ಮುಂದೆ ಹಿಡಿದರು. "ಅರ್ಧ ಇದು ನಮ್ಮ ಅಡುಗೆಮನೆಯ ನಳದ ನೀರು ನೋಡಿ" ಅಂತ ನಾನು ನಿಜ ಹೇಳಿದರೆ ಅಜ್ಜಿ, "ಎಷ್ಟು ವಿನಯ ನೋಡಿ ಇವರದು" ಅಂದರು. ಕಂಡಕ್ಟರ್ ಟಿಕೆಟ್ ಮಷೀನನ್ನು ಕಂಕುಳಲ್ಲಿ ಇರುಕಿಕೊಂಡು ಕೈ ಒಡ್ಡಿದ. ಆಮೇಲೆ ಡ್ರೈವರಿಗೂ ಒಂದು ಮುಚ್ಚಳ ಒಯ್ದ.

ನನ್ನ ಸ್ಟಾಪು ಬಂದಾಗ ಕ್ಯಾನಿನಲ್ಲಿ ಎರಡು ತುಳಸಿ ದಳ ಉಳಿದಿದ್ದವು.

ಬಸ್ ಸ್ಟಾಪಿನ ಎದುರಿಗೇ ಹಸಿರು ಗೇಟು. ಒಳಗೆ ಕಾಲಿಟ್ಟರೆ ಒಂದು ನಳ, ಬಕೆಟ್ಟು, ಒಂದು ಚಪ್ಪಟೆ ಕಲ್ಲು. ಕಲ್ಲಿಗೆ ಅಂಟಿಕೊಂಡು ಬಿದಿರಿನ ಸಣ್ಣ ಬೇಲಿ, ಅದರ ತುಂಬ ಹುಲ್ಲು. ಬೇಲಿಯ ಪಕ್ಕದಲ್ಲಿ ಮೂರು ಬೀದಿ ನಾಯಿಗಳು ಮಲಗಿದ್ದವು. ನನ್ನ ಲೆಕ್ಕದಲ್ಲಿ ವನ ಅಂದರೆ ದೇವರ ಮನೆ. ಅದರೊಳಗೆ ಚಪ್ಪಲಿ ಹಾಕಿಕೊಂಡು ಹೋಗಲಾರೆ. ನಾಯಿಗಳನ್ನು ಹಚ ಹಚ ಅಂತ ಓಡಿಸಿ, ಕಲ್ಲಿನ ಮೇಲೆ ನಿಂತು ಎರಡು ಬಕೆಟ್ ನೀರಲ್ಲಿ ಕಾಲು ತೊಳೆದು, ಕ್ಯಾನು ತುಂಬಿಕೊಂಡು ಬರಿಗಾಲಲ್ಲಿ ಗುಡ್ಡ ಹತ್ತಿದೆ. ಗೇಟಿನಿಂದ ಬಹಳ ದೂರ ನಡೆದಿದ್ದೆವು ಅನ್ನುವುದೊಂದೇ ನನಗಿದ್ದ ನೆನಪು. ಬಹಳ ದೂರ ನಡೆದೆ. ಎಲ್ಲೆಲ್ಲೋ ಸುತ್ತಿದ ಮೇಲೆ ಸಿಮೆಂಟಿನ ಟಾಕಿ ಕಂಡಿತು. ಅದರ ಪಕ್ಕದಲ್ಲಿ ಹಸಿರು ಖಣದ ತುಂಡು ಕಟ್ಟಿದ ಗಿಡ. ಕಣ್ಣಲ್ಲಿ ನೀರು ಬಂತು. ಕ್ಯಾನಿನ ನೀರು ಹಾಕಿ ಸಾಷ್ಟಾಂಗ ಬಿದ್ದೆ.

ಮನೆಗೆ ಬಂದಾಗ ನಮ್ಮಾಕೆ, "ತೀರ್ಥ ಪೂರ್ತಿ ಹೋತ್ರೀ?" ಅಂದಳು.

"ಒಂದು ಹನಿ ಉಳದಿಲ್ಲ" ಅಂದೆ. ಗುರುವಾರದ ದಿನ ಸುಳ್ಳು ಹೇಳುವುದು ಹೇಗೆ?

ಗೇಟಿನ ಕಾವಲಿನವ

ಆ ಗೇಟಿಗೆ ಒಬ್ಬ ಕಾವಲಿನವನಿದ್ದ. ಮೊದಲ ವಾರವೇ ನನ್ನನ್ನು ತಡೆದು, "ಕುಠೇ ಚಾಲ್ಲಾ?" ಅಂದ. ಎಲ್ಲಿಗೆ ಹೊರಟೆ ಅಂತ. ಮೂವತ್ತು ವರ್ಷ ಇದ್ದರೂ ನನ್ನ ಮರಾಠಿ ಮುಗ್ಗರಿಸುತ್ತದೆ. "ಝಾಡಾಲಾ ಪಾಣಿ" ಅಂದೆ, ಗಿಡಕ್ಕೆ ನೀರು. ಅವನ ಮರಾಠಿ ನನ್ನದಕ್ಕಿಂತ ಕಡೆ. ಆದರೆ ಪುಣೆಯಲ್ಲಿ ಯೂನಿಫಾರಂ ಹಾಕಿದವನು ಮರಾಠಿಯವನೇ ಇರಬೇಕು ಅಂತ ನಾನು, ಕೋಥರೂಡಿನಿಂದ ಬಂದ ಬಿಳಿ ಟೊಪ್ಪಿಗೆಯ ಮುದುಕ ಮರಾಠಿಯವನೇ ಇರಬೇಕು ಅಂತ ಅವನು. ಇಬ್ಬರೂ ಮರ್ಯಾದೆಯಿಂದ, ಒಬ್ಬರ ತಪ್ಪನ್ನು ಒಬ್ಬರು ನುಂಗಿಕೊಂಡು, ಎರಡು ವಾರ ಮಾತಾಡಿದೆವು. ನನ್ನ ದಾರಿಯ ಪ್ರಶ್ನೆ ಅವನಿಗೆ ಅರ್ಥವಾಗುತ್ತಿರಲಿಲ್ಲ, ಅವನ ಉತ್ತರ ನನಗೆ. ಒಮ್ಮೆ ಟಾಕಿ ಎಲ್ಲಿ ಅಂತ ಕೇಳಿದ್ದಕ್ಕೆ ನನ್ನನ್ನು ಶೌಚಾಲಯದವರೆಗೆ ಬಿಟ್ಟು, ಹೊರಗೆ ಕಾದು ನಿಂತ.

ಮೂರನೆಯ ಗುರುವಾರ ಕಾಲು ತೊಳೆಯುತ್ತಿದ್ದಾಗ ಆ ಮೂರು ನಾಯಿಗಳಲ್ಲಿ ಒಂದು ನನ್ನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಓಡಿತು. ಸಿಟ್ಟು ಬಂದಾಗ ಬಾಯಿಗೆ ಬರುವುದು ತಾಯಿಭಾಷೆಯೇ. "ಏ ಹಾಳಾದ್ದೇ, ಬಿಡು ಅದನ್ನ" ಅಂತ ಕೂಗಿದೆ.

"ಆ ಕಂಟ್ಯಾಗ ಹೊಕ್ಕತ್ರೀ, ತಡೀರಿ, ನಾ ತರ್ತೀನಿ" ಅಂತ ಕಾವಲಿನವ ಓಡಿದ.

ಎರಡು ಹೆಜ್ಜೆ ಓಡಿ ನಿಂತ. ನಾನೂ ಬಕೆಟ್ಟು ಹಿಡಿದು ನಿಂತೆ. ಒಬ್ಬರ ಮುಖ ಒಬ್ಬರು ನೋಡಿದೆವು.

"ಯಾವೂರಪ್ಪಾ ನಿಂದು?"

"ಯಾದಗಿರಿ ಕಡೀರಿ. ಬಿಲ್ಡಿಂಗ್ ಕೆಲಸಕ್ಕ ಬಂದಾಂವ, ಬೆನ್ನು ಹಿಡೀತು, ಇಲ್ಲಿ ಕುಂತೀನಿ. ನೀವ್ರಿ?"

"ಕಲಬುರಗಿ."

"ಮತ್ತ ಇಷ್ಟು ದಿನ ಯಾಕ ಹಂಗ ಮಾತಾಡ್ತಿದ್ರಿ ಕಾಕಾ? ನಿಮ್ಮ ಮಾತು ತಿಳೀವಲ್ದು ಅಂತ ನಾ ಮನ್ಯಾಗ ಹೆಂಡ್ತಿ ಕಡಿಂದ ಮರಾಠಿ ಕಲೀಲಿಕ್ಕ ಹತ್ತಿದ್ನಲ್ರೀ."

ಚಪ್ಪಲಿಯನ್ನು ಅವನೇ ತಂದುಕೊಟ್ಟ. "ಇನ್ನ ನೆಲಕ್ಕ ಬಿಡಬ್ಯಾಡ್ರಿ. ಈ ಬೇಲಿಗಿ ತೂಗಹಾಕ್ರಿ, ನಾಯಿಗಿ ನಿಲುಕಂಗಿಲ್ಲ" ಅಂದ. ಅಂದಿನಿಂದ ಪ್ರತಿ ವಾರ ಕಲ್ಲಿನ ಪಕ್ಕದ ಬಿದಿರಿನ ಬೇಲಿಗೆ ನನ್ನ ಜೋಡು ಚಪ್ಪಲಿ. ದಾರಿಯನ್ನೂ ಕನ್ನಡದಲ್ಲೇ ಕೇಳಿದೆ. ಅವನು ಹೇಳಿದ: "ನಂಗ ಗೇಟ್ ಬಿಟ್ಟು ಒಳಗ ಏನೂ ಗೊತ್ತಿಲ್ರಿ ಕಾಕಾ."

ಕುಂಕುಮದ ಗುರುತು

ಎರಡನೆಯ ವಾರ ಟಾಕಿ ಸಿಗಲು ಎರಡು ತಾಸು, ಮೂರನೆಯ ವಾರ ಮೂರು. ಹೀಗೇ ಬಿಟ್ಟರೆ ಹನ್ನೊಂದನೆಯ ವಾರ ಗುರುವಾರ ಹೊರಟು ಶುಕ್ರವಾರ ತಲುಪುತ್ತೇನೆ ಅನಿಸಿತು. ಸ್ಟೋರಿನಲ್ಲಿ ಪ್ರತಿ ರ‍್ಯಾಕಿಗೂ ಬಣ್ಣದ ಗುರುತು ಹಾಕುತ್ತಿದ್ದದ್ದು ನೆನಪಾಯಿತು. ಗಿಡಕ್ಕೆ ಹಚ್ಚಲು ನಮ್ಮಾಕೆ ಕೊಟ್ಟ ಕುಂಕುಮದ ಪೊಟ್ಟಣ ಜೇಬಿನಲ್ಲೇ ಇತ್ತು. ನಾಲ್ಕನೆಯ ವಾರ ದಾರಿ ಕವಲೊಡೆದ ಕಡೆಯೆಲ್ಲ ಒಂದು ಕಲ್ಲು ಇಟ್ಟೆ. ಎಡಕ್ಕೆ ತಿರುಗಬೇಕಾದರೆ ಕಲ್ಲಿನ ಎಡಗಡೆ ಕುಂಕುಮ, ಬಲಕ್ಕಾದರೆ ಬಲಗಡೆ. ಏಳು ತಿರುವು, ಏಳು ಕಲ್ಲು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಮುಂದಿನ ವಾರ ಹೋದರೆ ಮೊದಲನೆಯ ಕಲ್ಲಿಗೆ ದಾಸವಾಳ. ಎರಡನೆಯದಕ್ಕೆ ಒಡೆದ ತೆಂಗಿನ ಹೋಳು. ಮೂರನೆಯದಕ್ಕೆ ಯಾರೋ ಪೂರ್ತಿ ಸಿಂಧೂರ ಮೆತ್ತಿದ್ದರು, ನನ್ನ ಎಡ ಬಲ ಎಲ್ಲ ಅದರೊಳಗೆ ಮುಳುಗಿತ್ತು. ಅಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ದೇವರು ದಾರಿಯ ನಡುವೆ ಕಾಲಿಗೆ ತಾಗುವಂತೆ ಇರಬಾರದು ಅಂತ ಯಾರೋ ಪುಣ್ಯಾತ್ಮರು ಏಳೂ ಕಲ್ಲುಗಳನ್ನು ಎತ್ತಿ, ಪಕ್ಕದ ಒಂದೊಂದು ಮರದ ಬುಡದಲ್ಲಿ ಕಟ್ಟೆ ಮಾಡಿ, ಒಂದೊಂದನ್ನೂ ಪೂರ್ವಕ್ಕೆ ಮುಖ ಮಾಡಿ ಕೂರಿಸಿದ್ದರು. ನಾನು ಕಲ್ಲನ್ನು ನಂಬಿ ನಡೆದೆ. ಕಲ್ಲುಗಳು ನನ್ನನ್ನು ಪೂರ್ವಕ್ಕೆ, ಮತ್ತೂ ಪೂರ್ವಕ್ಕೆ ಕಳಿಸಿದವು.

ಕಡೆಗೆ ಏಳನೆಯ ಕಲ್ಲಿನ ಮುಂದೆ ಸುಸ್ತಾಗಿ ನಿಂತೆ. ಅಲ್ಲಿ ವಾಕಿಂಗಿಗೆ ಬಂದ ಒಬ್ಬ ಹಿರಿಯರು ಪ್ರದಕ್ಷಿಣೆ ಹಾಕುತ್ತಿದ್ದರು. ಮುಗಿಯುವವರೆಗೆ ಕಾದು ಮರಾಠಿಯಲ್ಲಿ ಕೇಳಿದೆ, "ನೀರಿನ ಟಾಕಿಗೆ ಯಾವ ಕಡೆ ಹೋಗಬೇಕು?"

"ಹೊಸಬರೇ?"

"ಹೌದು. ದಾರಿ ತಪ್ಪಿದೆ."

"ಹಾಗಾದರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ" ಅಂದರು ಅವರು, ಕಲ್ಲಿನ ಕಡೆ ಕೈ ಮಾಡಿ. "ಬಹಳ ಜಾಗೃತ ದೇವರು. ಬಹಳ ಹಳೆಯದು. ದಾರಿ ತಪ್ಪಿದವರಿಗೆ ದಾರಿ ತೋರಿಸುತ್ತಾನೆ. ಒಂದು ನಮಸ್ಕಾರ ಹಾಕಿ ನೋಡಿ."

ಅದು ನಾನೇ ಇಟ್ಟ ಕಲ್ಲು. ಆದರೆ ಇಟ್ಟ ಮೇಲೆ ಅದರೊಳಗೆ ಯಾರು ಬಂದು ಕೂತಿದ್ದಾರೋ ನನಗೇನು ಗೊತ್ತು? ಚಪ್ಪಲಿ ಹೇಗೂ ಕಾಲಲ್ಲಿ ಇರಲಿಲ್ಲ. ನಮಸ್ಕಾರ ಹಾಕಿದೆ. ಎದ್ದು ಎಡಕ್ಕೆ ನೋಡಿದರೆ ಟಾಕಿ ಕಂಡಿತು.

ಸೊಂಟದೆತ್ತರ

ಇಷ್ಟರಲ್ಲಿ ಮನೆಯಲ್ಲಿ ನಮ್ಮಾಕೆ ವಾಕರ್ ಬಿಟ್ಟು ಕೋಲಿಗೆ ಬಂದಿದ್ದಳು. ಕಾಲಿನ ವ್ಯಾಯಾಮ ಅಂದರೆ ಅಳು ಬರುವಷ್ಟು ನೋವು. ಆದರೂ ಗುರುವಾರ ನಾನು ಬಂದ ಕೂಡಲೇ, "ಗಿಡ ಎಷ್ಟಾಗ್ಯದ್ರೀ?" ಅನ್ನುವಳು. ನಾನು ಕೈಯಿಂದ ತೋರಿಸುವೆ. "ಅದು ಅಷ್ಟು ಬೆಳದದ ಅಂದ್ರ ನಾ ಇಷ್ಟರ ನಡೀಬೇಕು" ಅಂತ ಮಾರನೆಯ ದಿನ ಪಡಸಾಲೆಯಲ್ಲಿ ನಾಲ್ಕು ಸುತ್ತು ಹೆಚ್ಚು ಹಾಕುವಳು. ಆ ಗಿಡ ಒಣಗಿದರೆ ಅವಳ ಕಾಲು ಅಲ್ಲೇ ನಿಲ್ಲುತ್ತದೆ ಅಂತ ನನಗೆ ತಿಳಿದಿತ್ತು. ಅದಕ್ಕೇ ಜ್ವರ ಇದ್ದ ಗುರುವಾರವೂ ಹೋದೆ.

ಎಂಟನೆಯ ವಾರ ನಾನು ಸೊಂಟದ ಹತ್ತಿರ ಕೈ ತೋರಿಸಿದೆ. ಅವಳು ಹುಬ್ಬೇರಿಸಿದಳು. "ಎರಡು ತಿಂಗಳಿಗೆ ಸೊಂಟದ ತನಕ?"

"ತೀರ್ಥದ ಮಹಿಮೆ" ಅಂದೆ.

ಎಲೆ ಸ್ವಲ್ಪ ಉದ್ದ, ಸ್ವಲ್ಪ ಹೊಳಪು ಅನಿಸಿದ್ದು ನಿಜ. ಆದರೆ ನಾನು ಬೋಲ್ಟು ನೋಡಿ ಸೈಜು ಹೇಳುವವನೇ ಹೊರತು ಎಲೆ ನೋಡಿ ಮರ ಹೇಳುವವನಲ್ಲ. ಆ ವಾರವೇ ಪಕ್ಕದ ಮನೆಯ ವಹಿನಿ ಮೆಟ್ಟಿಲ ಮೇಲೆ ಸಿಕ್ಕಾಗ, "ನೆಟ್ಟ ಮೇಲೆ ಒಂದೇ ಒಂದು ದಿನ ನೀರು ಹಾಕಲು ಹೋಗಿಲ್ಲ ನೋಡಿ. ಮೊನ್ನೆ ನಮ್ಮವರು ಹೋಗಿ ನೋಡಿ ಬಂದರು, ಸೊಂಟದೆತ್ತರ ಆಗಿದೆಯಂತೆ. ನನ್ನ ಕೈಗುಣವೇ ಹಾಗೆ" ಅಂದರು.

ಒಂದೇ ದಿನ ನೆಟ್ಟ ಎರಡು ಗಿಡ ಒಂದೇ ಎತ್ತರ ಬೆಳೆದಿವೆ, ದೇವರು ಎಷ್ಟು ನ್ಯಾಯವಂತ ಅಂತ ನಾನು ಕೈಮುಗಿದೆ.

ದತ್ತ ಜಯಂತಿ

ಹನ್ನೊಂದು ಗುರುವಾರ ಮುಗಿದವು. ದತ್ತ ಜಯಂತಿಯ ಬೆಳಿಗ್ಗೆ ನಮ್ಮಾಕೆ ಹಸಿರು ಸೀರೆ ಉಟ್ಟು, ಕೋಲು ಹಿಡಿದು, ಆಟೋದಲ್ಲಿ ನನ್ನ ಪಕ್ಕ ಕೂತಳು. ಟಾಕಿಯವರೆಗೆ ಅವಳು ಹತ್ತಬಲ್ಲಳೇ ಅನ್ನುವ ಚಿಂತೆ ನನಗೆ. ಹತ್ತಿದರೂ ದಾರಿ ನನಗೆ ಸಿಕ್ಕೀತೇ ಅನ್ನುವುದು ಅದಕ್ಕಿಂತ ದೊಡ್ಡ ಚಿಂತೆ. ಆಟೋ ಹಸಿರು ಗೇಟಿನ ಮುಂದೆ ನಿಂತಿತು. ಕಾವಲಿನವ, "ಬರ್ರಿ ಕಾಕೂ, ಬರ್ರಿ" ಅಂತ ಕುರ್ಚಿ ತಂದ.

ನಾನು ಎಂದಿನಂತೆ ಮೂರು ನಾಯಿಗಳನ್ನು ಹಚ ಹಚ ಅಂದೆ. ಚಪ್ಪಲಿ ಬಿಟ್ಟು ಬೇಲಿಗೆ ತೂಗುಹಾಕಿದೆ. ಬಕೆಟ್ಟು ತುಂಬಿ ಚಪ್ಪಟೆ ಕಲ್ಲಿನ ಮೇಲೆ ನಿಂತು, ಕಾಲು ಉಜ್ಜಿ ಉಜ್ಜಿ ತೊಳೆದೆ.

ನಮ್ಮಾಕೆ ಕುರ್ಚಿಯಲ್ಲಿ ಕೂತವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಏನ್ ಮಾಡ್ಲಿಕತ್ತೀರಿ?"

"ಕಾಲು ತೊಳೀಲಿಕತ್ತೀನಿ. ಹನ್ನೊಂದು ವಾರ ತಪ್ಪಿಸಿಲ್ಲ ನಾ. ಹೋಗಾಗ ಎರಡು ಬಕೀಟು, ಬರಾಗ ಎರಡು ಬಕೀಟು."

"ಯಾರ ಮ್ಯಾಲೆ?"

ನನಗೆ ತಿಳಿಯಲಿಲ್ಲ. ಅವಳು ಎದ್ದು, ಕೋಲೂರಿ ಬಂದು, ಮೊದಲು ನನ್ನ ಚಪ್ಪಲಿಗಳನ್ನು ಬೇಲಿಯಿಂದ ತೆಗೆದು ಕೆಳಗಿಟ್ಟಳು. ಆಮೇಲೆ ಕೋಲಿನಿಂದ ಹುಲ್ಲು ಸರಿಸಿದಳು. ಒಳಗೆ ಮೊಣಕಾಲೆತ್ತರದ ಗಿಡ, ದಪ್ಪ ಕಾಂಡ, ತುಂಬು ಎಲೆ. ಬುಡದಲ್ಲಿ ಹಸಿರು ಖಣದ ತುಂಡು.

"ನಾವು ನೆಟ್ಟಿದ್ದು ಗೇಟಿನಿಂದ ಭಾಳ ದೂರ..." ಅಂದೆ.

"ಮ್ಯಾಲಿನ ಗೇಟಿನಿಂದ ದೂರರೀ. ಅವತ್ತು ಬಸ್ಸು ಮ್ಯಾಲೆ ಇಳಿಸಿ, ಸುತ್ತ ಹಾಕಿ ಕೆಳಗ ಬಂದು ನಿಂತಿತ್ತು. ಇಳಕೋತ ಇಳಕೋತ ಬಂದು ಇಲ್ಲೇ ನೆಟ್ಟು, ಇಲ್ಲೇ ಬಸ್ ಹತ್ತಿದ್ವಿ."

ಭೋಸರಿಯ ನಮ್ಮ ಕಾರ್ಖಾನೆಗೆ ಒಂದೇ ಗೇಟು. ಕಾಡಿಗೆ ಎರಡಿರುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ.

"ಹಂಗಾದ್ರ ನಾ ಟಾಕಿ ಹತ್ರ ತೀರ್ಥ ಹಾಕಿದ್ದು?"

"ಅದು ವಹಿನಿ ನೆಟ್ಟ ನೇರಳೆ" ಅಂದಳು. "ಅಕಿ ಕೈಗುಣ."

ನನಗೆ ಕಾಲ ಕೆಳಗಿನ ಕಲ್ಲೇ ಜಾರಿದಂತಾಯಿತು. ಹನ್ನೊಂದು ವಾರ ತುಳಸಿ ಹಾಕಿದ ಕ್ಯಾನಿನ ನೀರನ್ನು ಬೆಟ್ಟದ ಮೇಲೆ ಹೊತ್ತು ಪಕ್ಕದ ಮನೆಯ ನೇರಳೆಗೆ ಹಾಕಿದ್ದೆ. ದತ್ತ ಮಹಾರಾಜರ ಔದುಂಬರಕ್ಕೆ ಕಾಲು ತೊಳೆದ ನೀರು ಹಾಕಿ, ಮೇಲೆ ಚಪ್ಪಲಿ ತೂಗುಹಾಕಿದ್ದೆ. ಅಲ್ಲೇ ಮೊಣಕಾಲೂರಿ ಕೆನ್ನೆ ಕೆನ್ನೆ ಬಡಿದುಕೊಂಡೆ. "ತಪ್ಪಾತು ತಂದೆ. ಎಂಥ ಪಾಪ ಮಾಡ್ದೆ" ಅಂದೆ.

ನಮ್ಮಾಕೆ ಗಿಡದ ಎಲೆ ಸವರುತ್ತ ನಿಂತಿದ್ದಳು. "ಏಳ್ರಿ. ನಾಲ್ಕು ಬಕೀಟು ಕುಡದು ಹೆಂಗ ಬೆಳದಾನ ನೋಡ್ರಿ ಅಂವ. ನೀವು ಶ್ಯಾಣ್ಯಾತನದಿಂದ ತಂದಿದ್ದ ಕ್ಯಾನಿನ ನೀರಷ್ಟೇ ಹಾಕಿದ್ರ ಒಣಗಿ ಹೋಗ್ತಿದ್ದ. ಅವಗ ಯಾವ ನೀರು ಬೇಕು, ಅದನ್ನ ತರಿಸ್ಕೊಂಡಾನ."

ಕೋಲನ್ನು ಕಾವಲಿನವನ ಕೈಗೆ ಕೊಟ್ಟಳು. ಬೇಲಿಗೆ ಒಂದು ಕೈ ತಾಗಿಸಿ, ಸುತ್ತು ಶುರು ಮಾಡಿದಳು. ಒಂದು, ಎರಡು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ನಾಲ್ಕನೆಯದಕ್ಕೆ ಬೇಲಿಯನ್ನೂ ಬಿಟ್ಟಳು. ನಾನು ಓಡಿಸಿದ್ದ ನಾಯಿಗಳು ಒಂದೊಂದಾಗಿ ವಾಪಸು ಬಂದು, ತಮ್ಮ ಮಾಮೂಲು ಜಾಗದಲ್ಲಿ, ಗಿಡದ ಬುಡಕ್ಕೆ ತಲೆ ಇಟ್ಟು ಮಲಗಿದವು. ಈ ಸಲ ಹಚ ಅನ್ನಲು ನನಗೆ ಬಾಯಿ ಬರಲಿಲ್ಲ.

ಹನ್ನೊಂದನೆಯ ಸುತ್ತು ಮುಗಿಸಿ ಅವಳು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡಳು. ಕಾವಲಿನವ ನಾಯಿಗಳನ್ನು ನೋಡಿ ಮೆಲ್ಲಗೆ ಅಂದ, "ಕಾಕೂ, ಇವು ಮೊದಲಿನ ದಿನದಿಂದ ಈ ಗಿಡ ಬಿಟ್ಟು ಕದಲಿಲ್ರಿ. ನಾ ಸುಮ್ನ ನೀರಿನ ತಂಪಿಗಿ ಅಂತ ತಿಳದಿದ್ದೆ. ದತ್ತನ ಫೋಟೋದಾಗ ನಾಯಿ ಇರ್ತಾವಲ್ರಿ? ಆದ್ರ ಅಲ್ಲಿ ನಾಕು ಇರ್ತಾವ, ಇಲ್ಲಿ ಮೂರೇ ಅದಾವ."

ನಮ್ಮಾಕೆ ಸೆರಗಿನಿಂದ ಮುಖ ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದಳು:

"ನಾಲ್ಕನೇದಕ್ಕ ದಾರಿ ಸಿಕ್ಕಿದ್ದಿಲ್ಲಪ್ಪಾ. ಹನ್ನೊಂದು ವಾರ ಕ್ಯಾನ್ ಹಿಡಕೊಂಡು ಗುಡ್ಡ ಸುತ್ತಲಿಕ್ಕ ಹತ್ತಿತ್ತು. ಈಗ ಬಂತು."

ನಾನು ಹೋಗಿ, ಆ ಮೂರರ ಪಕ್ಕ, ನೆಲದ ಮೇಲೆ ಕೂತೆ.

ಇದನ್ನು ಕೊನೆಯವರೆಗೆ ಕೇಳಿದ ನಿಮಗೆಲ್ಲ ಗುರು ದತ್ತಾತ್ರೇಯನು ಗಟ್ಟಿ ಮೊಣಕಾಲು ಕೊಡಲಿ. ನೀವು ತಪ್ಪು ಗಿಡಕ್ಕೆ ಹಾಕಿದ ನೀರೂ ಸರಿಯಾದ ಬೇರಿಗೆ ಮುಟ್ಟಲಿ. ದಾರಿ ತಪ್ಪಿದರೂ, ಹುಡುಕುವುದು ಗೇಟಿನ ಪಕ್ಕದಲ್ಲೇ ನಿಮಗಾಗಿ ಕಾದಿರಲಿ. ಎಲ್ಲರಿಗೂ ಒಳ್ಳೆಯದಾಗಲಿ.